ಲಾಲಮ್ಮನ ದನಿ ಸೇರಿದ ಪೆಟ್ಟಿಗೆ

ಸಂಘಮಿತ್ರಾ ಶಹಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಹಾಡು, ಭಜನೆ ರೆಕಾರ್ಡ್ ಮಾಡಿಕೊಡುವುದು ಅವಳ ಉದ್ಯೋಗ. ಸದ್ದು ಒಳಬರದಂತೆ ಕೋಣೆಯ ಗೋಡೆಗೆಲ್ಲ ಕೌದಿ ಹೊಡೆದಿದ್ದಾಳೆ. ಎರಡು ನಾನು ಹೊಲಿದವು.

ಅವಳ ತಾಯಿ ಲಾಲಮ್ಮ ಕಳೆ ತೆಗೆಯುತ್ತ ಹಾಡಿದರೆ ಆಚೆ ಹೊಲದವರೂ ಕೈ ನಿಲ್ಲಿಸುತ್ತಿದ್ದರು. ಆಕೆಯ ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದಾಗ, ಆಪರೇಶನ್ನಿಗೆ ಮೊದಲಿನ ಹನ್ನೊಂದು ದಿನದಲ್ಲಿ ಮಗಳು ನಲವತ್ತೊಂದು ಹಾಡು ಹಿಡಿದಿಟ್ಟಳು. ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಹಾಡುಗಳನ್ನು ಕಾಯ್ದಿಡುವ ಪೆಟ್ಟಿಗೆ, ಸರ್ವರ್ ಅನ್ನುತ್ತಾರಲ್ಲ ಅದು, ಯಾದಗಿರಿಯ ಅಯಾಜ್‌ನ ಕಂಪ್ಯೂಟರ್ ಅಂಗಡಿಯಲ್ಲಿ. ಕಳಿಸುವುದು ಇಲ್ಲಿಂದ, ಇಂಟರ್‌ನೆಟ್ಟಿನಲ್ಲಿ. ಆ ಸಂಪರ್ಕ ಜೋಡಿಸಿಕೊಟ್ಟವನು ಸಗರದ ಸುನೀಲಕುಮಾರ, ಅವಳ ಜೊತೆ ಓದಿದವನು. ಲಾಲಮ್ಮನ ರೊಟ್ಟಿ ತಿಂದು ಬೆಳೆದವನು. ಕೇಳದೆ ಒಳಬಂದು ಒಲೆಯ ಮುಂದೆ ಕೂಡುತ್ತಿದ್ದ. ಹಾಡು ಕಳಿಸುವ ದಿನ ಅವನೂ ಪಕ್ಕದಲ್ಲಿದ್ದ; ಕಂಪ್ಯೂಟರು ತಕರಾರು ತೆಗೆಯಿತು. ಕಳಿಸುವ ಮೊದಲು ಅದು ಆಚೆಯ ಪೆಟ್ಟಿಗೆಯ ಪ್ರಮಾಣಪತ್ರದಲ್ಲಿ ಮುದ್ರೆ, ಹೆಸರು ಎರಡನ್ನೂ ನೋಡುತ್ತದಂತೆ. ನಾನು ಅಲ್ಲೇ ತೊಗರಿ ಹಸನು ಮಾಡುತ್ತಿದ್ದೆ.

“ಹೆಸರು ಕೂಡವಲ್ದು ಅಂತ ನಿಂತದ ನೋಡು,” ಎಂದಳು ಸಂಘಮಿತ್ರಾ.

“ಮುದ್ರಿ ಖರೆ ಅದ ಇಲ್ಲ? ಸಾಕ್ ಬಿಡು. ಹೆಸರ ನೋಡೂದು ಬಂದ್ ಮಾಡ್ತೀನಿ. ಮಾತ್ಮಾತಿಗಿ ನಿಂತ್ರ ಕೆಲಸ ಆಗೂದು ಹ್ಯಾಂಗ?”

ಸುನೀಲಕುಮಾರ ಹೆಸರು ನೋಡುವ ಟಿಕ್ ತೆಗೆದ. ಹಾಡು ಹೋದವು. “ಇಲ್ಲಿಂದು ಅಳಿಸಿಬಿಡು, ಜಾಗ ತುಂಬೇದ,” ಎಂದ. ಅಳಿಸಿದಳು.

ಮೂರು ತಿಂಗಳ ಮೇಲೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲಿನಿಂದ ತಾಯಿಯ ದನಿ ಅವಳ ಕಿವಿಗೆ ಬಿತ್ತು. ಹಾಡಿನ ಕೆಳಗೆ ಸುನೀಲಕುಮಾರನ ಹೆಸರು; ಹಾಡಿದವಳದಿಲ್ಲ. ಯಾದಗಿರಿಗೆ ಓಡಿದಳು. ಅಯಾಜ್ ಪೆಟ್ಟಿಗೆ ತೆರೆದು ತೋರಿಸಿದ: “ಅಕ್ಕಾ, ನಿಮ್ದು ಒಂದೂ ಬಂದಿಲ್ರಿ.”

ಮನೆಗೆ ಬಂದು ಕಂಪ್ಯೂಟರ್ ತೆರೆದಳು. ಹಾಡು ಕಳಿಸಿದ ಪೆಟ್ಟಿಗೆಗೆ ಸಂಪರ್ಕವೇನೋ ಸಿಕ್ಕಿತು; ಒಳಗೆ ಒಂದು ಹಾಡೂ ಇರಲಿಲ್ಲ. ನನ್ನನ್ನು ಕರೆದಳು. ನಾನು ಓದಿದ್ದು ಎರಡನೆಯ ಕ್ಲಾಸು. ಆದರೆ ಯಜಮಾನರು ತೀರಿಕೊಂಡ ಮೇಲೆ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಚೀಟಿಯ ಗುರುತಿಗೂ ಅಂಡಿಗೆಯ, ಅಂದರೆ ಹತ್ತಿ ಮೂಟೆಯ, ಗುರುತಿಗೂ ತಾಳೆ ನೋಡಿದವಳು. ಮಿಲ್ಲಿನ ಮುದ್ರೆ ಎಲ್ಲ ಚೀಟಿಗೂ ಒಂದೇ. ಅಂಡಿಗೆ ಯಾರದೆಂದು ಹೇಳುವುದು ಗುರುತು. ಪೆಟ್ಟಿಗೆ ತೋರಿಸಿದ ಪ್ರಮಾಣಪತ್ರದ ಇಂಗ್ಲಿಷ್ ಹೆಸರನ್ನೂ, ಅಯಾಜ್ ಬರೆದುಕೊಟ್ಟ ತನ್ನ ಪೆಟ್ಟಿಗೆಯ ಹೆಸರನ್ನೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಮೂರನೆಯ ಅಕ್ಷರಕ್ಕೇ ತಾಳೆ ತಪ್ಪಿತು.

“ಇದು ಆ ಅಂಡಿಗಿ ಅಲ್ಲವ್ವ.”

“ಇದು ಸುನೀಲಕುಮಾರನ ಮನಿ ಪೆಟಗಿ, ಆಯಿ. ಮುದ್ರಿ ಅವನೂ ಖರೇದೇ ತಂದಾನ. ದಾರಿ ತನ್ನ ಮನಿಗಿ ತಿರುವ್ಯಾನ.”

ಟಿಕ್ ಮತ್ತೆ ಹಾಕಿದಳು. ಕಂಪ್ಯೂಟರು ಆ ಪೆಟ್ಟಿಗೆಯ ಜೊತೆ ಮಾತೇ ಬಿಟ್ಟಿತು. ಅವನಿಗೆ ಫೋನ್ ಹಚ್ಚಿದಳು. “ನಮ್ಮವ್ವನ ದನಿ ತಂದ್ ಕೊಡು,” ಅಷ್ಟೇ ಅಂದಳು.

ಮರುದಿನ ಬಂದ. ಬಾಗಿಲಿಗೆ ಅಗಳಿ ಬಿದ್ದಿತ್ತು.

“ಚಿಗವ್ವಾ, ನಾನು!” ಎಂದು ಲಾಲಮ್ಮನನ್ನು ಕೂಗಿದ.

“ಯಾರು?” ಒಳಗಿನಿಂದ ಸಂಘಮಿತ್ರಾ ಕೇಳಿದಳು.

“ಏ ಸಂಘೀ, ನಾನಲೇ! ನನ್ನ ದನಿ ತಿಳೀವಲ್ದೇನು?”

“ಹೆಸರು ಹೇಳು.”

“ಸುನೀಲಕುಮಾರ,” ಎಂದ. ಅವಳು ಅಗಳಿ ತೆಗೆಯಲಿಲ್ಲ. ಕಿಟಕಿಯಿಂದ ಕೈ ಚಾಚಿ ಪೆನ್‌ಡ್ರೈವ್ ಇಸಿದುಕೊಂಡಳು. ನಲವತ್ತೊಂದೂ ಇದ್ದವು. ಮೊದಲನೆಯದನ್ನು ಹಚ್ಚಿದಾಗ ಲಾಲಮ್ಮ ಗಂಟಲ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಹಾಡು ಮುಗಿದ ಮೇಲೆ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಬಾಗಿಲ ಕಡೆ ಕೈ ತೋರಿಸಿದಳು. ಅವನು ಇನ್ನೂ ಕಟ್ಟೆಯ ಮೇಲೆ ಕೂತಿದ್ದ.

ಸಂಘಮಿತ್ರಾ ತಾಯಿಯ ಮುಖ ನೋಡಿದಳು. ರೊಟ್ಟಿಯನ್ನು ಕಿಟಕಿಯಿಂದಲೇ ಕೊಟ್ಟಳು.