ಆವಾಜಿನ ಸಾವ್ಕಾರ

'ಕುರಿ ಕಾಯವ್ರ ಮಗಳು ಗಿಟಾರದಾಗ ಡಿಗ್ರಿ ತಗೊಳ್ಳೂದು ಆಗೂ ಮಾತಲ್ಲ ಬಿಡು,' ಎಂದು ನನ್ನೆದುರೇ ನಮ್ಮಪ್ಪನಿಗೆ ಹೇಳಿದವರು ವಿಜಯಪುರದ ವಾದ್ಯದಂಗಡಿಯ ಸಾವ್ಕಾರರು. ನಮ್ಮೂರು ಬಿಜ್ಜರಗಿ, ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಹತ್ತಿದವರಿಲ್ಲ.

ಅಂಗಡಿ ತುಂಬ ಗಿಟಾರುಗಳಿದ್ದರೂ ಸಾವ್ಕಾರರು ಒಂದು ತಂತಿ ಮೀಟಿದ್ದನ್ನು ಯಾರೂ ಕಂಡಿಲ್ಲ. ಯಾವ ಆಂಪ್ಲಿಫೈಯರ್ ಕೇಳಿದರೂ ಉಂಗುರದ ಕೈಯಿಂದ ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುವಿ, 'ಆವಾಜ್ ನೋಡ್ರಿ, ಆವಾಜ್' ಎನ್ನುವರು. ಮದುವೆ ಮೆರವಣಿಗೆಗೆ ಬಾಡಿಗೆ ಕೊಟ್ಟು ರೂಢಿ. ಮುಂದಿನ ಓಣಿಗೆ ಕೇಳಿಸಿದ್ದೇ ಅವರಿಗೆ ಸಂಗೀತ.

ಕೊನೆಯ ವರ್ಷದ ಪರೀಕ್ಷೆಗೆ ನನಗೆ ಎಲ್ಲ ಬಗೆಯ ಹಾಡಿಗೂ ಒಗ್ಗುವ, ಒಂದೊಂದು ಸ್ವರವೂ ಒಡೆಯದೆ ತಿಳಿಯಾಗಿ ಕೇಳುವ ಆಂಪ್ಲಿಫೈಯರ್ ಬೇಕಿತ್ತು. ಅಂಗಡಿಯ ಮೂಲೆಯಲ್ಲಿದ್ದ ಸಣ್ಣದೊಂದಕ್ಕೆ ಗಿಟಾರು ಜೋಡಿಸಿ, ಗುಂಡಿಗಳನ್ನು ಇಳಿಸಿ ನುಡಿಸಿದೆ.

'ಸಪ್ಪಗೈತೆಲ್ಲವಾ. ಇದರಾಗ ಪಾಸಾಗ್ತೀ ಏನು?'

'ಪರೀಕ್ಷಾ ತಗೊಳ್ಳವ್ರು ಮುಂದಿನ ಓಣ್ಯಾಗ ಕೂಡಂಗಿಲ್ರಿ ಸಾವ್ಕಾರ್ರ,' ಎಂದು ಅದನ್ನೇ ಕಟ್ಟಿಸಿಕೊಂಡು ಬಂದೆ. ಅದರಲ್ಲೇ ನುಡಿಸಿ ಪಾಸಾದೆ.

ಪದವಿ ಪತ್ರ ಬಂದ ದಿನ ಅದನ್ನು ಅವ್ವನ ಕೈಗಿಟ್ಟು, ಸಾವ್ಕಾರರಿಗೆ ತೋರಿಸಿ ಬರುತ್ತೇನೆ ಎಂದೆ.

ಅವ್ವ ಅದನ್ನು ತಿರುಗಿ ಕೊಡಲಿಲ್ಲ. 'ಬ್ಯಾಡ ಬಿಡವಾ. ಒದರಿದ್ರಷ್ಟ ಆ ಮನಷ್ಯಾಗ ಕೇಳತೈತಿ. ಕಾಗದ ಒದರಂಗಿಲ್ಲ.'