ಇಫ್ತಾರಿನ ಹೊತ್ತಿಗೆ ಬರುವ ಜಿಂಕೆ

ಡಿಸೆಂಬರ್ ಕೊನೆಯ ಹೊತ್ತಿಗೆ ನಾರ್ತ್ ಕೆರೊಲೈನಾದ ಗಂಡು ಜಿಂಕೆಗಳು ಬಳಲಿರುತ್ತವೆ. ನವೆಂಬರ್ ಇಡೀ ಹೆಣ್ಣುಗಳ ಹಿಂದೆ ಅಲೆದು, ಕೊಂಬಿಗೆ ಕೊಂಬು ತಾಗಿಸಿ ಕಾದಾಡಿ, ಮೇಯುವುದನ್ನೇ ಮರೆತು ಸೊರಗಿರುತ್ತವೆ. ಆಮೇಲೆ ಅವಕ್ಕೆ ಬೇಕಾಗುವುದು ಮರೆ ಮತ್ತು ಮೇವು, ಅಷ್ಟೆ. ಹಗಲೆಲ್ಲ ಪೈನ್ ಮರಗಳ ನಡುವಿನ ಪೊದೆಗಳಲ್ಲಿ ಮಲಗಿದ್ದು, ಹೊತ್ತು ಮುಳುಗುವಾಗ ಹೊಲದ ಅಂಚಿಗೆ ಬರುತ್ತವೆ. ಮೊದಲು ಹೆಣ್ಣುಗಳು, ಮರಿಗಳು, ನಂತರ ಎಳೆಯ ಗಂಡುಗಳು. ವಯಸ್ಸಾದ ಗಂಡು ಎಲ್ಲಕ್ಕಿಂತ ಕೊನೆಗೆ, ಬೆಳಕು ಇನ್ನೇನು ಹೋಗುತ್ತದೆ ಎನ್ನುವಾಗ ಬರುತ್ತದೆ. ಇದೆಲ್ಲ ನಾನು ಭಾಯ್ ಪಕ್ಕದಲ್ಲಿ ಅಟ್ಟಣೆಯ ಮೇಲೆ ಕೂತು ಕಂಡದ್ದು.

ಭಾಯ್ ಅಲ್ಲಿನ ಕ್ಯಾರಿ ಎಂಬ ಊರಿನಲ್ಲಿ ನನ್ನ ಪಕ್ಕದ ಮನೆಯವರು. ಮೈಸೂರಿನ ಮಂಡಿ ಮೊಹಲ್ಲಾದವರು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ನಾನಾಗ ಮಧ್ಯಾಹ್ನ ಹೊರಬರುವ ಒಂದು ಸಣ್ಣ ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ನಸುಕಿನಲ್ಲಿ ಕೆಲಸ ಶುರುವಾಗಿ ಊಟದ ಹೊತ್ತಿಗೆ ಪುಟಗಳೆಲ್ಲ ಅಚ್ಚಿಗೆ ಹೋಗಿರುತ್ತಿದ್ದವು. ಒಂಟಿ ಮನುಷ್ಯ, ಮಧ್ಯಾಹ್ನವೆಲ್ಲ ಖಾಲಿ. ಬೇಟೆಗೆಂದು ಮರದ ಮೇಲೆ ಯಾರೂ ಒಬ್ಬರೇ ಕೂರಕೂಡದು ಎಂಬುದು ಭಾಯ್ ಹೆಂಡತಿಯ ಕಟ್ಟಳೆಯಾಗಿತ್ತು. ಅವರನ್ನು ನಾನು ಭಾಭಿ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದ ನಾನು ಜಿಂಕೆ ಬೇಟೆಗೆ ಜೊತೆಗಾರನಾದದ್ದು ಹೀಗೆ. ನನಗೆ ಬಂದೂಕಿರಲಿಲ್ಲ, ಲೈಸೆನ್ಸೂ ಇರಲಿಲ್ಲ. ಕೂರುವುದು, ನೋಡುವುದು, ಸುಮ್ಮನಿರುವುದು ನನ್ನ ಕೆಲಸ. ಸುದ್ದಿಮನೆಯಲ್ಲಿ ಮೊದಲೆರಡನ್ನು ಕಲಿತಿದ್ದೆ.

ಬೇಟೆಗಾರರು ಎದ್ದುಕಾಣುವ ಕಿತ್ತಳೆ ಬಣ್ಣದ ಮೇಲಂಗಿ ಹಾಕಬೇಕೆಂದು ಅಲ್ಲಿ ಕಾನೂನಿದೆ. ಜಿಂಕೆಗೆ ಆ ಬಣ್ಣ ಬೇರೆಯಾಗಿ ಕಾಣುವುದಿಲ್ಲವಂತೆ, ಮನುಷ್ಯರಿಗೆ ಕಂಡರೆ ಸಾಕು. ಭಾಯ್ ನನಗೂ ಒಂದು ತಂದುಕೊಟ್ಟರು. ನಾನು ಅದನ್ನು ತೊಟ್ಟು ಕಾರು ಹತ್ತಿದಾಗ ಮೇಲಿಂದ ಕೆಳಗೆ ನೋಡಿ ಹೇಳಿದರು: "ಕಾವಿ ಹಾಕ್ಕೊಂಡು ಶಿಕಾರಿಗೆ ಹೊರಟಿರೋ ಮೊದಲ್ನೇ ಸ್ವಾಮಿಗಳು ನೀವೇ ಇರ್ಬೇಕು."

ನಾವು ಹೋಗುತ್ತಿದ್ದ ಹೊಲ ರಾಲಿ ದಾಟಿ ಪೂರ್ವಕ್ಕಿತ್ತು. ಹೊಗೆಸೊಪ್ಪು, ಸೋಯಾಬೀನ್ ಬೆಳೆಯುತ್ತಿದ್ದ ಮುದುಕರೊಬ್ಬರ ಜಮೀನು. ಭಾಯ್ ಒಮ್ಮೆ ರಸ್ತೆ ಬದಿಯಲ್ಲಿ ಅವರ ಪಿಕಪ್ಪಿನ ಟೈರು ಬದಲಿಸಲು ಕೈಜೋಡಿಸಿದ್ದರು. ಅಲ್ಲಿಂದ ಬೇಟೆಗೆ ಅನುಮತಿ ಸಿಕ್ಕಿತ್ತು. ಆದರೆ ಮುದುಕರದು ಒಂದು ಷರತ್ತು. ಹೆಣ್ಣನ್ನು ಹೊಡೆಯಬಾರದು, ಎಳೆಯ ಗಂಡನ್ನೂ ಹೊಡೆಯಬಾರದು. ಚೆನ್ನಾಗಿ ಬಲಿತ ಗಂಡಾದರೆ ಮಾತ್ರ. ಬರಿಯ ಕೊಂಬು ನೋಡಿ ಮೋಸ ಹೋಗಬೇಡಿ ಎಂದು ಅವರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಬಲಿತ ಗಂಡಿನ ಹೊಟ್ಟೆ ಜೋಲುತ್ತದೆ, ಬೆನ್ನು ಸ್ವಲ್ಪ ತಗ್ಗುತ್ತದೆ, ಮೈ ಭಾರಕ್ಕೆ ಕಾಲು ಗಿಡ್ಡವಾದಂತೆ ಕಾಣುತ್ತದೆ. ನವೆಂಬರಿನಲ್ಲಾದರೆ ಕುತ್ತಿಗೆ ಉಬ್ಬಿ ಎದೆಗೆ ಅಂಟಿಕೊಂಡಿರುತ್ತದೆ, ಗುರುತು ಸುಲಭ. ಡಿಸೆಂಬರ್ ಕೊನೆಗೆ ಆ ಕುತ್ತಿಗೆಯೂ ಇಳಿದು, ಮುದಿ ಗಂಡು ಹರೆಯದ್ದರಂತೆ ಕಾಣತೊಡಗುತ್ತದೆ. ಹೀಗಾಗಿ ಭಾಯ್ ಎಷ್ಟೋ ಸಲ ಬಂದೂಕು ಎತ್ತಿ, ನೋಡಿ, ಅನುಮಾನ ಬಂದು ಇಳಿಸಿದ್ದರು. ಮೂರು ಸೀಸನ್ ಬರಿಗೈ.

ನಾಲ್ಕನೆಯ ವರ್ಷ ಅವರೇ ಮಾತು ಕೊಟ್ಟು ಸಿಕ್ಕಿಹಾಕಿಕೊಂಡರು. ಆ ವರ್ಷ ರಂಜಾನ್ ತಿಂಗಳು ಚಳಿಗಾಲಕ್ಕೆ ಬಿದ್ದಿತ್ತು. ಜಿಂಕೆ ಸೀಸನ್ನಿನ ಕೊನೆಯ ದಿನಗಳು ರೋಜಾದ, ಅಂದರೆ ಉಪವಾಸದ ದಿನಗಳೇ ಆಗಿದ್ದವು. ಸುತ್ತಮುತ್ತಲಿನ ಮುಸ್ಲಿಂ ಮನೆಯವರು ಬಾಡಿಗೆ ಹಾಲ್ ಒಂದರಲ್ಲಿ ಸೇರಿ ಇಫ್ತಾರ್ ಮಾಡುತ್ತಿದ್ದರು. ಮೊದಲ ಇಫ್ತಾರಿನಲ್ಲೇ ಭಾಯ್, ಈ ಈದ್ ಬಿರಿಯಾನಿಗೆ ಜಿಂಕೆ ತಮ್ಮದು, ತಾವೇ ಹೊಡೆದು ಹಲಾಲ್ ಮಾಡಿದ್ದು ಎಂದು ಎಲ್ಲರೆದುರು ಹೇಳಿಬಿಟ್ಟರು. ಹಾಲ್ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹಿರಿಯ ಅಂಕಲ್ ಒಬ್ಬರಿದ್ದರು. ಅಲ್ಲಿಂದಾಚೆ ಅವರು ಭಾಯ್ ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ಶಿಕಾರಿ ಸಾಬ್, ಚಿಕನ್ ಆರ್ಡರ್ ಮಾಡ್ಬಿಡ್ಲಾ, ಇಲ್ಲಾ ಇನ್ನೂ ವೇಯ್ಟ್ ಮಾಡ್ಬೇಕಾ?"

ಮನೆಯಲ್ಲಿ ಭಾಭಿಯದು ಬೇರೆ ತೀರ್ಮಾನ. ನಾನು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ, ನನ್ನನ್ನೇ ಸಾಕ್ಷಿಯಾಗಿಟ್ಟುಕೊಂಡು ಗಂಡನಿಗೆ ಹೇಳಿದರು: "ಈ ಸಲಾನೂ ಬರ್ಲಿಲ್ಲ ಅಂದ್ರೆ ಆ ಗನ್ ಸೇಲ್ ಮಾಡ್ಬಿಡಿ. ಕ್ಲಾಸೆಟ್ಟಾದ್ರೂ ಖಾಲಿ ಆಗುತ್ತೆ." ಭಾಯ್ ಒಪ್ಪಿಕೊಂಡರು. ಒಪ್ಪದೆ ವಿಧಿಯಿರಲಿಲ್ಲ. ಜಿಂಕೆ, ಮರ್ಯಾದೆ, ಬಂದೂಕು ಮೂರೂ ಉಳಿದಿದ್ದ ಕೆಲವೇ ಸಂಜೆಗಳ ಮೇಲೆ ನಿಂತವು.

ಹೊಲದ ತುದಿಯಲ್ಲಿ ಓಕ್ ಮರಕ್ಕೆ ಒರಗಿಸಿ ಕಟ್ಟಿದ, ಇಬ್ಬರು ಕೂರಬಹುದಾದ ಅಟ್ಟಣೆ ನಮ್ಮದು. ಎದುರಿಗೆ ಕೊಯ್ಲಾದ ಸೋಯಾಬೀನ್ ಹೊಲ, ಕೂಳೆಗಳ ನಡುವೆ ಉದುರಿದ ಕಾಳು. ಅದರಾಚೆ ಪೈನ್ ಸಾಲು. ಆ ಸಾಲಿನ ಹಿಂದೆ ಸೂರ್ಯ ಇಳಿಯುತ್ತಿದ್ದ. ಸೂರ್ಯ ಮುಳುಗಿದರೆ ಭಾಯ್ ಉಪವಾಸ ಬಿಡುವ ಹೊತ್ತು. ಮುದಿ ಗಂಡು ಪೊದೆ ಬಿಟ್ಟು ಹೊರಗೆ ಬರುವುದೂ ಆಗಲೇ. ಇದರಿಂದ ಏನಾಗಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮೊದಲ ಸಂಜೆ ಅದು ನಿಜವಾಗಿಯೂ ಬಂತು. ಹೆಣ್ಣುಗಳೆಲ್ಲ ಆಗಲೇ ಹೊಲದಲ್ಲಿದ್ದವು. ಪೈನ್ ಸಾಲಿನ ನೆರಳು ಒಂದು ಕಡೆ ದಪ್ಪವಾದಂತಾಗಿ ಅಲ್ಲೊಂದು ತಲೆ, ಅಗಲ ಕೊಂಬು, ಆಮೇಲೆ ಜೋಲು ಹೊಟ್ಟೆ ಕಾಣಿಸಿದವು. ಭಾಯ್ ಉಸಿರು ಹಿಡಿದರು. ಅದೇ ಕ್ಷಣ ಅವರ ಮಣಿಕಟ್ಟಿನ ಡಿಜಿಟಲ್ ಗಡಿಯಾರ ಪೀ ಪೀ ಎಂದು ಕೂಗಿಕೊಂಡಿತು. ಉಪವಾಸ ಬಿಡುವ ಹೊತ್ತು ತಪ್ಪಬಾರದೆಂದು ಅವರೇ ಇಟ್ಟಿದ್ದ ಅಲಾರ್ಮು. ಹೊಲದ ತುಂಬ ಬೆದರಿದ ಜಿಂಕೆಗಳ ಬಿಳಿಬಾಲಗಳು ಎದ್ದು ನಿಂತವು, ಮರುಗಳಿಗೆ ಹೊಲ ಖಾಲಿ.

ಭಾಯ್ ಅಲಾರ್ಮು ಆರಿಸಿ, ಖರ್ಜೂರ ತೆಗೆದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ಮುಗಿಸಿ ಹೇಳಿದರು: "ಅದೂ ರೋಜಾ ಇಟ್ಟಿತ್ತು ಅನ್ಸುತ್ತೆ ಸ್ವಾಮಿ. ಟೈಮಾಯ್ತು ಅಂತ ಎದ್ದು ಹೋಯ್ತು."

ಮರುದಿನ ಗಡಿಯಾರವನ್ನು ಕಾರಿನಲ್ಲೇ ಬಿಟ್ಟು ಬಂದೆವು. ಆ ಸಂಜೆ ಹೆಣ್ಣುಗಳು ಮಾತ್ರ ಹೊರಗಿದ್ದವು, ಗಂಡು ಕಾಣಿಸಲಿಲ್ಲ. ಸೂರ್ಯ ಮುಳುಗಿದ. ಇನ್ನು ಬರುವುದಿಲ್ಲವೆಂದುಕೊಂಡು ಭಾಯ್ ಜೇಬಿನಿಂದ ಖರ್ಜೂರದ ಡಬ್ಬಿ ತೆಗೆದರು. ಅಂಗಡಿಯಿಂದ ತಂದ ತೆಳು ಪ್ಲಾಸ್ಟಿಕ್ ಡಬ್ಬಿ. ಅದರ ಮುಚ್ಚಳ ತೆಗೆಯುವಾಗ ಆಗುವ ಸದ್ದು ಕ್ಯಾರಿಯ ಅಡುಗೆಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಗಾಳಿಯೇ ಇಲ್ಲದ ಆ ಹೊಲದ ಮೇಲೆ ಅದು ಒಣ ಕೊಂಬೆ ಮುರಿದಂತೆ ಕೇಳಿತು. ಪೈನ್ ಸಾಲಿನ ಒಳಗೆ, ನಮಗೆ ಕಾಣದ ಜಾಗದಲ್ಲಿ, ಏನೋ ಭಾರವಾದದ್ದು ಮೂಗಿನಿಂದ ಜೋರಾಗಿ ಗಾಳಿ ಊದಿ ಓಡಿಹೋಯಿತು. ಅದು ಯಾವುದೆಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ.

ಇದನ್ನೆಲ್ಲ ಕೇಳಿದ ಭಾಭಿ ನಗಲಿಲ್ಲ. ನಗು ತಡೆದುಕೊಂಡದ್ದು ಮಾತ್ರ ಕಂಡಿತು. "ಇಬ್ರೂ ಓದಿರೋರು. ಜಿಂಕೆಗೆ ಕಿವಿ ಇರುತ್ತೆ ಅಂತ ನಾನು ಹೇಳ್ಬೇಕಾ?" ಎಂದರು. ಸೀಸನ್ನಿನ ಕೊನೆಯ ದಿನ ನಾವು ಹೊರಡುವಾಗ, ಹಳೆಯ ಮಲ್‌ಮಲ್ ದುಪಟ್ಟಾದ ತುಂಡೊಂದರಲ್ಲಿ ಖರ್ಜೂರ ಕಟ್ಟಿ ಗಂಡನ ಅಂಗಿಯ ಜೇಬಿಗೆ ತಾವೇ ಇಟ್ಟರು. ಬೀಜ ಮೊದಲೇ ತೆಗೆದಿದ್ದರು, ಉಗುಳುವ ಸದ್ದೂ ಆಗದಿರಲೆಂದು.

ಆ ದಿನ ನಾನು ಊಟ ಮಾಡಿರಲಿಲ್ಲ. ಉಪವಾಸವಿದ್ದವರ ಪಕ್ಕದಲ್ಲಿ ಹೊಟ್ಟೆ ತುಂಬಿಕೊಂಡು ಕೂರುವುದು ಸರಿಯಲ್ಲವೆಂದು ನಾನೇ ಅಂದುಕೊಂಡದ್ದು, ಯಾರೂ ಕೇಳಿರಲಿಲ್ಲ. ಚಳಿ ಬಿಗಿಯಾಗಿತ್ತು. ಗಾಳಿ ಹೊಲದ ಕಡೆಯಿಂದ ನಮ್ಮತ್ತ ಮೆಲ್ಲಗೆ ಬೀಸುತ್ತಿತ್ತು. ನಮ್ಮ ವಾಸನೆ ಜಿಂಕೆಗಳಿಗೆ ಹೋಗುವಂತಿರಲಿಲ್ಲ. ಹೆಣ್ಣುಗಳು ಬಂದವು. ಎಳೆಯ ಗಂಡೊಂದು ಬಂದು, ಅವುಗಳ ನಡುವೆ ಸುಮ್ಮನೆ ಗತ್ತು ತೋರಿಸಿ, ಕಾಳು ಹೆಕ್ಕತೊಡಗಿತು. ಸೂರ್ಯ ಪೈನ್ ಸಾಲಿನ ಹಿಂದೆ ಕೆಂಪಗೆ ಇಳಿದು ಕಾಣದಾದ. ಉಪವಾಸ ಬಿಡುವ ಹೊತ್ತಾಯಿತು. ಭಾಯ್ ಕೈ ಜೇಬಿನ ಕಡೆ ಹೋಗಿ, ಅರ್ಧದಲ್ಲೇ ನಿಂತಿತು.

ಅದು ಬಂದಿತ್ತು. ನಮ್ಮ ಕಡೆ ಮುಖ ಮಾಡಿ, ಮುಂಗಾಲೆರಡನ್ನು ಹೊಲದೊಳಗಿಟ್ಟು, ಉಳಿದ ಮೈಯನ್ನು ಮರದ ಮರೆಯಲ್ಲೇ ಬಿಟ್ಟು ನಿಂತಿತ್ತು. ಹಾಗೆ ಎದುರು ನಿಂತ ಜಿಂಕೆಗೆ ಗುಂಡು ಸರಿಯಾಗಿ ತಾಗುವುದಿಲ್ಲ, ಹೊಡೆಯಬಾರದು. ಅದು ಅಡ್ಡ ತಿರುಗಬೇಕು. ಕಾದೆವು. ಅದು ಎರಡು ಹೆಜ್ಜೆ ಇಟ್ಟು ತಲೆ ತಗ್ಗಿಸಿತು.

ಆಗ ನನ್ನ ಹೊಟ್ಟೆ ಗುಡುಗಿತು. ಇದನ್ನು ಇನ್ನಷ್ಟು ಮೆದುವಾದ ಮಾತಿನಲ್ಲಿ ಬರೆಯಲಾರೆ. ಸಣ್ಣದಾಗಿ ಶುರುವಾಗಿ, ಏರಿ, ಒಂದು ತಿರುವು ತೆಗೆದುಕೊಂಡು ಇಳಿಯಿತು. ಗಂಡು ತಲೆ ಎತ್ತಿ ನೇರ ಅಟ್ಟಣೆಯನ್ನೇ ನೋಡಿತು. ಕಿವಿಗಳೆರಡೂ ನಮ್ಮತ್ತ. ನಾನು ಕಣ್ಣು ಮಿಟುಕಿಸಲಿಲ್ಲ. ಇನ್ನೊಂದು ಸಲ ಗುಡುಗಿದರೆ ಬಂದೂಕು ಮಾರಾಟಕ್ಕೆ ಹೋಗುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು.

ಗಂಡು ಬಹಳ ಹೊತ್ತಿನ ಮೇಲೆ ಮತ್ತೆ ಬಾಗಿತು. ಭಾಯ್ ಎಡಗೈ ಅಲುಗಿದ್ದೇ ಗೊತ್ತಾಗದಷ್ಟು ನಿಧಾನವಾಗಿ ಜೇಬಿಗೆ ಹೋಯಿತು. ಬಟ್ಟೆಯಿಂದ ಸದ್ದೇ ಬರಲಿಲ್ಲ. ಖರ್ಜೂರ ಹೊರಗೆ ಬಂತು. ಬೆಳಗಿನಿಂದ ನೀರು ಕೂಡ ಕುಡಿಯದಿದ್ದ ಆ ಮನುಷ್ಯ ಅದನ್ನು ತಮ್ಮ ಬಾಯಿಗೆ ಹಾಕಿಕೊಳ್ಳದೆ ನನ್ನ ತುಟಿಯ ಹತ್ತಿರ ತಂದರು. ನಾನು ಬಾಯಿ ತೆರೆದೆ. ಅಗಿಯದೆ ನಾಲಿಗೆಯ ಮೇಲೆ ಕರಗಲು ಬಿಟ್ಟೆ. ಹೊಟ್ಟೆ ಸುಮ್ಮನಾಯಿತು.

ಗಂಡು ಅಡ್ಡ ತಿರುಗಿತು. ಜೋಲು ಹೊಟ್ಟೆ, ತಗ್ಗಿದ ಬೆನ್ನು, ಗಿಡ್ಡವೆನಿಸುವ ಕಾಲು. ಮುದುಕರು ಹೇಳಿದ ಒಂದೊಂದೂ ಅಲ್ಲಿತ್ತು. ಭಾಯ್ ಬಂದೂಕು ಭುಜಕ್ಕೇರಿತು. "ಬಿಸ್ಮಿಲ್ಲಾ, ಅಲ್ಲಾಹು ಅಕ್ಬರ್." ಪಕ್ಕದಲ್ಲಿದ್ದ ನನಗೇ ಅದು ಉಸಿರಿನಷ್ಟೇ ಕೇಳಿಸಿತು. ಆಮೇಲೆ ಬಂದೂಕಿನ ಸದ್ದು.

ಅದು ಕೆಲವು ಹೆಜ್ಜೆ ಓಡಿ ಹೊಲದ ಅಂಚಿನಲ್ಲೇ ಬಿದ್ದುಕೊಂಡಿತು. ಭಾಯ್ ಬಂದೂಕು ಖಾಲಿ ಮಾಡಿ ನನ್ನ ಕೈಗೆ ಕೊಡದೆ ಮರಕ್ಕೇ ತೂಗುಹಾಕಿ, ಚಾಕು ಹಿಡಿದು ಕೂಳೆಗಳ ಮೇಲೆ ಓಡಿದರು. ಇನ್ನೂ ಉಸಿರಿತ್ತು. ಮತ್ತೊಮ್ಮೆ ದೇವರ ಹೆಸರು ಹೇಳಿ ಕುತ್ತಿಗೆ ಕೊಯ್ದರು. ನಾನು ಟಾರ್ಚ್ ಹಿಡಿದೆ. ಮುಖ ತಿರುಗಿಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ, ತಿರುಗಿಸಿಕೊಳ್ಳಲಿಲ್ಲ. ಎಲ್ಲ ಬೇಗ ಮುಗಿಯಿತು. ಭಾಯ್ ಅದರ ಮೈಮೇಲೆ ಒಮ್ಮೆ ಕೈಯಾಡಿಸಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಮುಖದಲ್ಲಿ ನಗು ತುಂಬಿತ್ತು.

ಅವರಿನ್ನೂ ಉಪವಾಸ ಬಿಟ್ಟಿಲ್ಲವೆಂಬುದು ಆಮೇಲೆ ನೆನಪಾಯಿತು. ಎರಡೂ ಕೈ ರಕ್ತ. ನಾನೇ ಅವರ ಜೇಬಿನಿಂದ ಬಟ್ಟೆಯ ಗಂಟು ತೆಗೆದು ಒಂದು ಖರ್ಜೂರವನ್ನು ಅವರ ಬಾಯಿಗಿಟ್ಟೆ. ಅಗಿಯುತ್ತ ಹೇಳಿದರು: "ಸ್ವಾಮಿ, ನಿಮ್ಮ ಹೊಟ್ಟೆ ವಿಷ್ಯ ಇಫ್ತಾರ್ ಹಾಲ್‌ನಲ್ಲಿ ಹೇಳಲ್ಲ. ಮನೇಲಿ ಮಾತ್ರ ಹೇಳ್ತೀನಿ."

ಗುಂಡಿನ ಸದ್ದು ಕೇಳಿ ಮುದುಕರು ಪಿಕಪ್ ಓಡಿಸಿಕೊಂಡು ಬಂದರು. ಜಿಂಕೆಯ ಬಾಯಿ ತೆರೆದು, ಹಿಂದಿನ ಹಲ್ಲುಗಳ ಸವೆತವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿದರು. ಇದನ್ನು ಹಲವು ವರ್ಷದಿಂದ ಬಲ್ಲೆ, ಹೆದ್ದಾರಿಯಲ್ಲಿ ಯಾವುದೋ ಲಾರಿಗೆ ಸಿಕ್ಕಿ ಸತ್ತಿತೆಂದುಕೊಂಡಿದ್ದೆ ಎಂದರು. ಭಾಯ್ ಕೈ ಕುಲುಕಲು ಹೋಗಿ, ರಕ್ತ ನೋಡಿ ಹಿಂದೆಗೆದರು; ಮುದುಕರು ಬಿಡದೆ ಹಿಡಿದು ಕುಲುಕಿದರು.

ಅಲ್ಲಿನ ಬೇಟೆಗಾರರು ಜಿಂಕೆಯನ್ನು ಕಡಿಸಿಕೊಳ್ಳುವ ಅಂಗಡಿಯಲ್ಲಿ ಅದೇ ಮೇಜಿನ ಮೇಲೆ ಹಂದಿಯ ಕೊಬ್ಬನ್ನೂ ಬೆರೆಸುತ್ತಿದ್ದರು. ಹಾಗಾಗಿ ಎಲ್ಲ ಕೆಲಸ ಭಾಯ್ ಗರಾಜಿನಲ್ಲೇ ನಡೆಯಿತು, ಬಾಗಿಲು ಮುಕ್ಕಾಲು ಇಳಿಸಿಕೊಂಡು. ನನಗೆ ಕೊಟ್ಟ ಕೆಲಸ ಪೊಟ್ಟಣಗಳ ಮೇಲೆ ಹೆಸರು ಬರೆಯುವುದು. ತೊಡೆ, ಭುಜ, ಖೀಮಾ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಅಂಟಿಸಿದೆ. ಪೇಪರಿನವರಿಂದ ಮನೆಗೆ ಇಷ್ಟಾದರೂ ಉಪಯೋಗವಾಯಿತಲ್ಲ ಎಂದರು ಭಾಭಿ. ಒಂದು ತೊಡೆ ಮುದುಕರಿಗೆ ಹೋಯಿತು.

ಮುದಿ ಗಂಡಿನ ಮಾಂಸ ಗಟ್ಟಿ. ಭಾಭಿ ಅದನ್ನು ಅರೆದ ಪಪ್ಪಾಯಿ ಕಾಯಿ, ಮೊಸರಿನಲ್ಲಿ ಹಿಂದಿನ ದಿನವೇ ನೆನೆಹಾಕಿದ್ದರು. ಈದ್ ದಿನ ಆ ಬಾಡಿಗೆ ಹಾಲ್‌ನಲ್ಲಿ ದೊಡ್ಡ ಪಾತ್ರೆಯ ಮುಚ್ಚಳ ತೆಗೆದಾಗ ಎಲ್ಲರೂ ತಟ್ಟೆ ಹಿಡಿದು ಹತ್ತಿರ ಬಂದರು. ನನಗೆ ಬೇರೆ ಪಾತ್ರೆಯಲ್ಲಿ ತರಕಾರಿ ಬಿರಿಯಾನಿ ಬಂದಿತ್ತು. ಹಿರಿಯ ಅಂಕಲ್ ಒಂದು ಸುತ್ತು ಉಂಡು, ಎರಡನೆಯದಕ್ಕೆ ತಟ್ಟೆ ಚಾಚಿ ಭಾಭಿಗೆ ಹೇಳಿದರು: "ಮುದುಕನ್ನ ಹೊಡೆದಿದಾರೆ ಅಂತ ಕೇಳಿದ್ದೆ ಕಣಮ್ಮ. ಬಾಯಲ್ಲಿ ಹಾಗನ್ಸಲ್ವಲ್ಲ." ಅಲ್ಲಿಂದ ಮುಂದೆಯೂ ಅವರು ಭಾಯ್ ಅವರನ್ನು ಶಿಕಾರಿ ಸಾಬ್ ಎಂದೇ ಕರೆದರು. ಆದರೆ ಚಿಕನ್ ಮಾತು ನಿಂತಿತು.

ಬಂದೂಕು ಕ್ಲಾಸೆಟ್ಟಿನಲ್ಲೇ ಉಳಿಯಿತು. ಕೊಂಬಿಗೆ ಮಾತ್ರ ಮನೆಯೊಳಗೆ ಜಾಗ ಸಿಗಲಿಲ್ಲ, ಗರಾಜಿನ ಗೋಡೆ ಸೇರಿತು. ಮುಂದಿನ ಡಿಸೆಂಬರಿನಲ್ಲಿ ನಾವು ಮತ್ತೆ ಹೊರಟ ದಿನ ಭಾಭಿ ಹೊಸದೊಂದು ಚೀಲ ತಂದುಕೊಟ್ಟರು. ಮೆತ್ತನೆಯ ಫ್ಲಾನೆಲ್ ಬಟ್ಟೆಯದು, ಕೈಯಲ್ಲೇ ಹೊಲಿದದ್ದು. ಗುಂಡಿಯೂ ಇಲ್ಲ, ಜಿಪ್ಪೂ ಇಲ್ಲ. ಒಳಗೆ ಎರಡು ಭಾಗ ಮಾಡಿದ್ದರು. ಯಾಕೆಂದು ಕೇಳಿದೆ.

"ಇದು ಇವರ ರೋಜಾಗೆ, ಅಣ್ಣ. ಇದು ನಿಮ್ಮ ಹೊಟ್ಟೆಗೆ. ಜಿಂಕೆ ಬರೋಕ್ಮುಂಚೆನೇ ತಿಂದುಬಿಡಿ."