ಸೂರಿನ ಕೆಳಗಿನ ಒಂದು ಗೇಣು

ಮೊನ್ನೆ ಕೊಟ್ಟಿಗೆಯ ಸೂರಿಗೆ ಕೈ ಹಾಕಿ ಸುತ್ತಿಗೆ ಹುಡುಕುವಾಗ ತುಕ್ಕು ಹಿಡಿದ ದಬ್ಬಣ ಸಿಕ್ಕಿತು. ಅದರ ತೂತಿನಲ್ಲಿ ಗೋಣಿದಾರದ ತುಂಡು ಇನ್ನೂ ಹಾಗೇ ಇತ್ತು. ಅಕ್ಕನದು...

ಗಂಡ ಸತ್ತ ಮೇಲೆ ಅಕ್ಕ ಸಿಂಗಟಗೆರೆಗೆ, ನಮ್ಮ ಮನೆಗೇ ಬಂದಳು. ನಾಲ್ಕು ಸೀಮೆಹಸು ಸಾಕಿ, ಡೈರಿಗೆ ಹಾಲು ಹಾಕಿ ಮಗಳ ಮದುವೆ ಮಾಡಿದಳು. ದೀಪಾವಳಿ ಕಳೆದದ್ದೇ ತಡ, ಚಳಿಗಾಲದ ಕೆಲಸಕ್ಕೆ ಕೂರುತ್ತಿದ್ದಳು. ಗೋಣಿಚೀಲ ಬಿಚ್ಚಿ ಕರುಗಳಿಗೆ ಅಂಗಿ ಹೊಲಿಯುವಳು. ಮಲಗುವ ಜಾಗಕ್ಕೆ ಒಣಹುಲ್ಲು ಹಾಸುವಳು. ಮೂಡಗಾಳಿ ಬೀಸುವ ಕಡೆ ತೆಂಗಿನಗರಿಯ ತಡಿಕೆ ಕಟ್ಟುವಳು. ಆದರೆ ತಡಿಕೆಯ ಮೇಲೆ, ಸೂರಿನ ಕೆಳಗೆ, ಒಂದು ಗೇಣು ಜಾಗ ಬಿಡದೆ ಇರುತ್ತಿರಲಿಲ್ಲ.

"ದನದ ಉಸಿರು ಆಚೆ ಹೋಗ್ಬೇಕು ಕಣೋ. ಇಲ್ದಿದ್ರೆ ಅದೇ ನೀರಾಗಿ ಅವುಗಳ ಮೈಮೇಲೆ ಬೀಳುತ್ತೆ."

ಒಂದು ವರ್ಷ ಮಗಳ ಹೆರಿಗೆಗೆಂದು ತರೀಕೆರೆಗೆ ಹೋಗುವಾಗ ಆ ಕೆಲಸ ನನಗೆ ಒಪ್ಪಿಸಿದಳು. ಗರಿ ಹೆಣೆಯಲು ನನಗೆ ಬೇಜಾರು. ಕಡೂರಿನಿಂದ ಪ್ಲಾಸ್ಟಿಕ್ ಟಾರ್ಪಾಲ್ ತಂದು ಸೂರಿಗೇ ಸೇರಿಸಿ ಮೊಳೆ ಹೊಡೆದೆ. ಬೆಚ್ಚಗಿದ್ದರೆ ಸಾಕಲ್ಲ ಅಂದುಕೊಂಡೆ. ವಾರದೊಳಗೆ ಟಾರ್ಪಾಲಿನ ಒಳಮೈಯಿಂದ ನೀರು ತೊಟ್ಟಿಕ್ಕತೊಡಗಿತು. ಹುಲ್ಲು ನೆನೆಯಿತು, ಗಂಜಲದ ಘಾಟು ಕಣ್ಣಿಗೆ ಹತ್ತಿತು. ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಬಿಳಿಹಣೆಯ ಕರು ಕೆಮ್ಮಿ ಕೆಮ್ಮಿ ಸತ್ತಿತು.

ಅಕ್ಕ ಬರುವ ಹೊತ್ತಿಗೆ ಟಾರ್ಪಾಲಿನ ಮೇಲಂಚನ್ನು ಕುಡುಗೋಲಿನಿಂದ ಒಂದು ಗೇಣು ಕುಯ್ದಿಟ್ಟಿದ್ದೆ. ಅವಳು ಮೊದಲು ನೋಡಿದ್ದೂ ಅತ್ತಲೇ.

"ಮೊದ್ಲಿಂದ್ಲೂ ಗೇಣು ಬಿಟ್ಟಿದ್ಯೇನೋ?"

"ನೀ ಹೇಳ್ದಂಗೇ ಬಿಟ್ಟಿದ್ದೆ ಕಣಕ್ಕಾ."

ನಂಬಿದಳು. ಬೈದಿದ್ದರೆ ಚೆನ್ನಾಗಿತ್ತು... "ಹಂಗಾರೆ ಆ ಗೇಣಲ್ಲೇ ಚಳಿ ನುಗ್ಗೈತೆ. ಇಷ್ಟು ವರ್ಷ ನನ್ ಬುದ್ಧಿಗೆ ಏನಾಗಿತ್ತೋ" ಎಂದಳು.

ಮುಂದಿನ ಚಳಿಗೆ ಅವಳೇ ಆ ಸಂದಿಗೆ ಗೋಣಿ ಇಟ್ಟು ಹೊಲಿದಳು, ಈ ದಬ್ಬಣದಲ್ಲೇ. ನಾನು ಏಣಿ ಹಿಡಿದು ನಿಂತಿದ್ದೆ. "ಗಟ್ಟಿಯಾಗಿ ಹಿಡ್ಕೊಳೋ, ಯಾಕೆ ಹಂಗೆ ಮುದುರ್ಕೊಂಡು ನಿಂತಿದ್ದೀ? ಚಳಿ ನಿನಗೋ ದನಕ್ಕೋ?" ಎಂದು ನಕ್ಕಳು. ಆಗಲಾದರೂ ಹೇಳಬಹುದಿತ್ತು. ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಹೊಲಿದು ಮುಗಿಸಿ ದಬ್ಬಣವನ್ನು ಸೂರಿಗೆ ಸಿಕ್ಕಿಸಿ ಇಳಿದಳು.

ಆ ಮಾಗಿಯಲ್ಲಿ ಎರಡು ಕರು ಹೋದವು. "ನನ್ ಕೈಗುಣ ಕೆಟ್ಟೋಯ್ತು" ಎಂದು ಹಸುಗಳನ್ನೆಲ್ಲ ಅಜ್ಜಂಪುರದ ಕಡೆಯವರಿಗೆ ಕೊಟ್ಟುಬಿಟ್ಟಳು. ಆಮೇಲೆ ಯಾರ ಮನೆಯ ಕರುವನ್ನೂ ಮುಟ್ಟಿ ಮಾತಾಡಿಸಲಿಲ್ಲ. ಹೋದ ವರ್ಷ ತೀರಿಕೊಂಡಳು, ಹಾಗೇ ನಂಬಿಕೊಂಡು.

ಈಗ ನಾನೂ ಎರಡು ಹಸು ಕಟ್ಟಿದ್ದೇನೆ. ನಿನ್ನೆ ತಡಿಕೆ ಕಟ್ಟುವಾಗ ಹೆಂಡತಿ ಕೇಳಿದಳು: "ಮೇಲೆ ಯಾಕ್ರೀ ಸಂದು? ಅದ್ರಿಂದ್ಲೇ ಕರು ಸತ್ತಿದ್ದು ಅಂತ ನಿಮ್ಮಕ್ಕ ಹೇಳ್ತಿದ್ರಲ್ಲ."

"ಅಕ್ಕಂದೇ ಸರಿಯಿತ್ತು ಕಣೇ" ಅಂದೆ. ಉಳಿದದ್ದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟಳು.

ಇವತ್ತು ಬೆಳಿಗ್ಗೆ ಹಸುಗಳ ಉಸಿರು ಆ ಗೇಣು ಜಾಗದಿಂದ ಬೆಳ್ಳಗೆ ಆಚೆ ಹೋಗುತ್ತಿತ್ತು. ಬಗ್ಗಿ ಹುಲ್ಲು ಮುಟ್ಟಿ ನೋಡಿದೆ. ಒಣಗಿಯೇ ಇತ್ತು...